ಉತ್ತರಪಟ್ಟಿಯ ಅಂಚಿನಲ್ಲಿ

ದೇಶಗಳ ಪೂರ್ತಿ ಹೆಸರಿನ ಮೇಲೊಂದು ಕ್ವಿಜ್ಜು ಮಾಡಿ ಮೇಡಂ,
ಇಪ್ಪತ್ತು ಪ್ರಶ್ನೆ ಸಾಕು, ಶನಿವಾರ ತಾಲ್ಲೂಕು ಮಟ್ಟ,
ಎಂದರು ಹೆಡ್‌ಮಾಸ್ಟರು, ಚಪಾತಿ ಡಬ್ಬಿ ಮುಚ್ಚುತ್ತ.
ಆಯಿತೆಂದೆ. ಅರಸೀಕೆರೆಯಲ್ಲಿ
ರೈಲು ತಡವಾದರೂ ಆಯಿತೆನ್ನುವುದೇ ರೂಢಿ.

ಮೊದಲ ಸಲ ಬರೆದದ್ದು ನನ್ನ ಸುಲಭಕ್ಕೆ:
ಎಡಕ್ಕೆ ಸಣ್ಣ ಹೆಸರು, ಬಲಕ್ಕೆ ಖಾಲಿ ಗೆರೆ.
ಒಂಬತ್ತನೇ ‘ಬಿ’ ಮೇಲೆ ಪ್ರಯೋಗ.
ಜಾವಗಲ್ಲಿನ ಮುಬೀನಾ ಆರೇ ನಿಮಿಷಕ್ಕೆ ಪೇಪರ್ ಕೊಟ್ಟಳು.
ಕೀನ್ಯಾಕ್ಕೂ ಗಣರಾಜ್ಯ, ಘಾನಾಕ್ಕೂ ಗಣರಾಜ್ಯ,
ಕೊನೆಗೆ ನಾರ್ವೆಗೂ.
ಅಲ್ಲಿನ ರಾಜನನ್ನು ಒಂದು ಮಾತೂ ಕೇಳದೆ
ಗದ್ದಿಗೆಯಿಂದ ಇಳಿಸಿಬಿಟ್ಟಿದ್ದಳು.
ಇಪ್ಪತ್ತಕ್ಕೆ ಹದಿಮೂರು!
“ಓದಿದ್ಯೇನೇ?”
“ಇಲ್ಲ ಮಿಸ್, ಜಾಸ್ತಿ ಜನ ಏನಿಟ್ಕೊಂಡಿರ್ತಾರೋ
ಅದನ್ನೇ ಬರ್ದೆ.”
ಪಕ್ಕದಲ್ಲಿ ಅಟ್ಲಾಸು ಅರೆದು ಕುಡಿದವನಿಗೆ ಹದಿನಾಲ್ಕು.
ಕೊಬ್ಬರಿ ಮಂಡಿಯ ತಕ್ಕಡಿಗೂ
ಇದಕ್ಕಿಂತ ನಾಚಿಕೆಯಿದೆ.

ಹರಿದೆ. ತಿರುವಿ ಹಾಕಿದೆ.
ಪೂರ್ತಿ ಹೆಸರು ನಾನು ಕೊಡುವುದು, ಕೂಗುವ ಹೆಸರು ಅವರು.
ಹೆಲೆನಿಕ್ ಗಣರಾಜ್ಯ ಯಾವುದು?
ತನ್ನನ್ನು ಪೂರ್ವದ ಗಣರಾಜ್ಯ ಎಂದು ಕರೆದುಕೊಂಡು
ಪಶ್ಚಿಮ ಗೋಳದಲ್ಲಿ ಕೂತಿರುವ ದೇಶ?
(ಸುಳಿವು: ಪೂರ್ವ ಎಂದರೆ ಒಂದು ಹೊಳೆಯ ಪೂರ್ವ.)
ಸಹಕಾರಿ ಗಣರಾಜ್ಯ ಎಂಬುದನ್ನು ಓದಿ
ಅಟೆಂಡರ್ ರೇವಮ್ಮ ಪೊರಕೆ ನಿಲ್ಲಿಸಿದಳು:
“ಅಲ್ಲೂ ಡೇರಿ ಐತಾ? ಫ್ಯಾಟಿಗೆ ಎಷ್ಟು ಕೊಡ್ತಾರೆ?”
ಆ ಪ್ರಶ್ನೆ ಉಳಿಸಿಕೊಂಡೆ.

ಎರಡು ಕಾಂಗೋಗಳನ್ನು ಕೈಬಿಟ್ಟೆ;
ಎರಡು ಊರಿಗೆ ಒಂದೇ ಬೋರ್ಡು ಹಾಕಿ
ತಪ್ಪು ಇಳಿದವರನ್ನು ಬಯ್ಯಬಾರದು.
ಕಿರ್ಗಿಸ್ತಾನ, ಕಿರ್ಗಿಜ್‌ಸ್ತಾನ್, ಕಿರ್ಗೀಸಿಸ್ತಾನ್,
ಮೂರಕ್ಕೂ ಅಂಕ.
ನಮ್ಮೂರನ್ನೇ ರೈಲಿನವರು ಒಂದು ಥರ,
ಬಸ್ಸಿನವರು ಒಂದು ಥರ ಬರೆಯುವಾಗ!
ಕೊನೆಯದು ನಗಲಿಕ್ಕೆ:
ಕೆನಡಾದ ಪೂರ್ತಿ ಹೆಸರೇನು?
ಕೆನಡಾ.
ಅದನ್ನು ಇಪ್ಪತ್ತನೆಯದಾಗಿಯೇ ಇಡಬೇಕು,
ಮೊದಲಿಟ್ಟರೆ ಮಕ್ಕಳು
ಮಿಕ್ಕ ಹತ್ತೊಂಬತ್ತನ್ನೂ ಅನುಮಾನದಿಂದ ನೋಡುತ್ತವೆ.

ಇಷ್ಟು ಮಾಡಿಯೂ ಹನ್ನೆರಡನೆಯದು ಉಳಿದಿತ್ತು.
ಮೊಜಾಂಬಿಕ್ ಮಗ್ಗುಲಿನ ಪುಟ್ಟ ದೇಶ, ಇನ್ನೂ ರಾಜನೇ ಆಳುವುದು,
ಅಧಿಕೃತ ಹೆಸರು ಬರೆಯಿರಿ.
ಉತ್ತರಪಟ್ಟಿಯಲ್ಲಿ ಎಸ್ವಾಟಿನಿ.
ಗಂಡಸಿಯ ತಿಪ್ಪೇಶ ಬರೆದದ್ದು ಸ್ವಾಜಿಲ್ಯಾಂಡ್.

ಆ ಒಂದು ಅಂಕಕ್ಕೆ ಮೊದಲ ಸ್ಥಾನ ನಿಂತಿತ್ತು.
ಹುಡುಗ ವಾದ ಮಾಡಲಿಲ್ಲ.
ಚೀಲದಿಂದ ಅಟ್ಲಾಸು ತೆಗೆದು ಮೇಜಿನ ಮೇಲಿಟ್ಟ:
ರಟ್ಟು ಕಿತ್ತದ್ದು, ಯುಗೊಸ್ಲಾವಿಯಾ ಇನ್ನೂ ಒಂದೇ ತುಂಡಿನದ್ದು,
ಒಳಗೆ ನಮ್ಮ ಶಾಲೆಯ ಮೊಹರು,
ಮೊಹರಿನ ಕೆಳಗೆ ನನ್ನ ಸಹಿ.

ಕಾನ್ವೆಂಟಿನ ಸಾರು ರೂಲ್ಸ್ ಅಂದರೆ ರೂಲ್ಸ್ ಎಂದರು.
ಹೌದು ಸಾರ್ ಎಂದೆ,
ಉತ್ತರಪಟ್ಟಿಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದೆ:
ಹಳೆಯ ಹೆಸರಿಗೂ ಅಂಕ. ಎಲ್ಲರಿಗೂ.
ನಲವತ್ತಾರು ಪೇಪರನ್ನೂ ಮತ್ತೆ ನೋಡಿದೆವು,
ಟೀ ಆರಿ ಕೆನೆಗಟ್ಟುವವರೆಗೆ.

ಸ್ವಾಜಿಲ್ಯಾಂಡ್ ಎಂದು ಬರೆದವರು ಇನ್ನೊಬ್ಬರಿದ್ದರು.
ಬಾಣಾವರದ ಹುಡುಗಿ. ಕೆನಡಾ ಅವಳಿಗೆ ಬಂದಿತ್ತು,
ತಿಪ್ಪೇಶನಿಗೆ ಬಂದಿರಲಿಲ್ಲ.
ಅವನು ಎರಡನೆಯವನಾದ.
ಸರ್ಟಿಫಿಕೇಟು ಸುರುಳಿ ಸುತ್ತುತ್ತ ಕೇಳಿದ:
“ಅವಳ ಅಟ್ಲಾಸಲ್ಲೂ ಹಳೇವೇ ಇದ್ವಾ ಮಿಸ್?”
ಇರಬೇಕು ಕಣೋ ಎಂದೆ.
ಯಾಕೋ ಅಷ್ಟಕ್ಕೇ ಅವನ ಮುಖ ಸಡಿಲಾಯಿತು.

ಸೋಮವಾರ ಅಟ್ಲಾಸು ವಾಪಸು ಬಂತು.
ಆಫ್ರಿಕಾದ ಪುಟದಲ್ಲಿ, ಹಳೆಯ ಹೆಸರಿಗೆ ಕಾಟು ಹಾಕದೆ,
ಅದರ ನೆತ್ತಿಯ ಮೇಲೆ ಪೆನ್ಸಿಲಿನಲ್ಲಿ, ಸಣ್ಣಗೆ, ಹೊಸದು.
ಸೀಟಿನಲ್ಲಿ ಸರಿದು
ಇನ್ನೊಬ್ಬರನ್ನು ಕೂರಿಸಿಕೊಂಡ ಹಾಗೆ.

ಪುಸ್ತಕದಲ್ಲಿ ಬರೆದರೆ ಐದು ರೂಪಾಯಿ ದಂಡ,
ಗೋಡೆಯ ಮೇಲೆ ನಾನೇ ಬರೆಸಿದ್ದು.
ರಸೀದಿ ಪುಸ್ತಕ ತೆಗೆದೆ, ಮುಚ್ಚಿಟ್ಟೆ.
ಯುಗೊಸ್ಲಾವಿಯಾಕ್ಕೆ
ಅವನಿನ್ನೂ ಬಂದಿಲ್ಲ.