ನೀರಿಗೆ ಹೋಗುವ ಬಟ್ಟೆ

ಮಾಟುಂಗದ ನಮ್ಮ ಅಂಗಡಿಯಲ್ಲಿ
ಹತ್ತಿಗೆ ಮಾತ್ರ ಪ್ರವೇಶ.
ಬೆಟಗೇರಿ ಸೀರೆ, ಪಂಚೆ, ಟವೆಲ್ಲು, ಬನಿಯನ್ನಿನ ಮೂಟೆ.
'ಹತ್ತಿ ಅಂದ್ರ ಮೈಗೆ ತಾಯಿ ಇದ್ದಂಗ'
ಅನ್ನುತ್ತಲೇ ಅಪ್ಪ ನಲವತ್ತು ವರ್ಷ ಗಜಕಡ್ಡಿ ಹಿಡಿದವರು.

ಆ ನಂಬಿಕೆಯನ್ನೇ ತೊಟ್ಟು ನಾನು
ಜನವರಿಯ ಒಂದು ನಸುಕಿನಲ್ಲಿ
ಕೊಲಾಬಾದ ಕಟ್ಟೆಯಿಂದ ಹೋಮಾಯ್‌ಳ ಹಾಯಿದೋಣಿಗೆ ಇಳಿದೆ:
ಹತ್ತಿಯ ಕುರ್ತಾ, ಮೇಲೆ ಹತ್ತಿಯದೇ ಇನ್ನೊಂದು, ಜೀನ್ಸು,
ಎಲ್ಲದರ ಮೇಲೆ ಕ್ರಾಫರ್ಡ್ ಮಾರ್ಕೆಟ್ಟಿನ ಹಳದಿ ರೇನ್‌ಕೋಟು.

ಎಪ್ಪತ್ತರ ಹೋಮಾಯ್ ನೋಡಿದಳು, ಏನೂ ಅನ್ನಲಿಲ್ಲ.
ಕೆಲವು ಪಾಠಗಳನ್ನು ಆಕೆ ಸಮುದ್ರಕ್ಕೇ ಬಿಡುತ್ತಾಳೆ.

ಪ್ರಾಂಗ್ಸ್ ದೀಪ ದಾಟುವ ಮೊದಲೇ ಪಾಠ ಶುರು.
ಹಗ್ಗ ಎಳೆದೆಳೆದು ರೇನ್‌ಕೋಟಿನೊಳಗೇ ಒಂದು ಮಳೆ,
ನನ್ನದೇ ಉಪ್ಪು, ನನ್ನದೇ ನೀರು.
ಆಮೇಲೆ ದೋಣಿಯ ಮೂಗು ಹಾರಿ ಬಂದ ಅಲೆಯೊಂದು
ಕತ್ತಿನ ಸಂದಿಯಲ್ಲಿ ದಾರಿ ವಿಚಾರಿಸಿಕೊಂಡು
ಸೊಂಟದವರೆಗೆ ಇಳಿಯಿತು.
ಹತ್ತಿ ಅದನ್ನು ನೆಂಟರ ಹಾಗೆ ಕೂರಿಸಿಕೊಂಡಿತು,
ಹೊರಡಲು ಬಿಡಲಿಲ್ಲ.
ಉತ್ತರದ ಗಾಳಿ. ಹಲ್ಲಿಗೆ ಹಲ್ಲು ತಾಳ.
ನನ್ನ ಬಳಿ ಬೆಚ್ಚಗಿದ್ದದ್ದು ಡಬ್ಬಿಯೊಳಗಿನ ಉಪ್ಪಿಟ್ಟು ಮಾತ್ರ.

ಹೋಮಾಯ್ ಅಂದಳು, ಚುಕ್ಕಾಣಿ ಬಿಡದೆ:
'ಮೈಗೆ ತಾಗುವುದು ನೀರು ಕುಡಿಯದ್ದಿರಲಿ.
ಅದರ ಮೇಲೆ ಉಣ್ಣೆ. ಗಾಳಿ ತಡೆಯುವುದು ಕೊನೆಗೆ.
ಕತ್ತಿಗೆ ಮಫ್ಲರು, ಮಣಿಕಟ್ಟಿಗೆ ರಬ್ಬರು.
ಚಳಿಯಾಗುವ ಮುಂಚೆ ತೊಡು, ಬೆವರುವ ಮುಂಚೆ ಬಿಚ್ಚು.
ಒಣ ಕಾಲುಚೀಲ ಒಂದು ಜೊತೆ, ಶ್ರೀಖಂಡದ ಡಬ್ಬಿಯಲ್ಲಿ.
ದೇವರನ್ನು ಮರೆತರೂ ಆ ಡಬ್ಬಿ ಮರೆಯಬೇಡ.'

ಸಂಜೆ ಅಂಗಡಿಯಲ್ಲಿ ಸೀನುತ್ತ ಹೇಳಿಯೇಬಿಟ್ಟೆ:
'ಅಪ್ಪಾ, ಸಮುದ್ರದಾಗ ಹತ್ತಿ ನಡಿಯೂದಿಲ್ಲ.'
ಗಿರಾಕಿ ಇದ್ದರು. ಅಪ್ಪ ಪಂಚೆ ಮಡಿಸಿದರು,
ದಾರ ಸುತ್ತಿದರು, ಚಿಲ್ಲರೆ ಎರಡು ಸಲ ಎಣಿಸಿದರು.
ನನ್ನ ಕಡೆ ನೋಡಲಿಲ್ಲ.

ರಾತ್ರಿ ಅಟ್ಟದ ಮೇಲೆ ಏನೋ ಎಳೆದಾಡುವ ಸದ್ದು.
ಇಳಿದು ಬಂದದ್ದು ಒಂದು ಕರಿ ಕಂಬಳಿ,
ಮೆಡ್ಲೇರಿಯ ಕುರುಬರು ನೇಯ್ದದ್ದು,
ಹುಣಸೆಬೀಜದ ಗಂಜಿ ಇನ್ನೂ ಬಿಡದ್ದು,
ಹದಿನೇಳರ ಹುಡುಗನೊಬ್ಬ ದಾದರಿನ ಪ್ಲಾಟ್‌ಫಾರ್ಮಿನಲ್ಲಿ
ಒಂಬತ್ತು ರಾತ್ರಿ ಹೊದ್ದು ಮಲಗಿದ್ದು.
ಇಷ್ಟು ವರ್ಷ ಹತ್ತಿಯಂಗಡಿಯ ನೆತ್ತಿಯ ಮೇಲೆ
ಉಣ್ಣೆ ಮಲಗಿತ್ತು. ನನಗೆ ಗೊತ್ತೇ ಇರಲಿಲ್ಲ.

ಕತ್ತರಿ ಇಡುವಾಗ ಒಮ್ಮೆ ತಡೆದರು.
ಒಮ್ಮೆ ಮಾತ್ರ.

ತೋಳಿಲ್ಲದ ಜಾಕೀಟು. ತೊಟ್ಟರೆ ಮೈಯೆಲ್ಲ ಚುಚ್ಚು.
'ಕಂಬಳ್ಯಾಗ ಉಣ್ಣಾಕ ಕುಂತು
ಕೂದಲ ಎಣಿಸಬ್ಯಾಡ' ಅಂದರು ಅಪ್ಪ,
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಮುಂದಿನ ಭಾನುವಾರ ಖಾಂದೇರಿಯ ಹತ್ತಿರ
ಅದೇ ಅಲೆ, ಅಥವಾ ಅದರ ತಮ್ಮ.
ನೆನೆದೆ, ಪೂರ್ತಿ ನೆನೆದೆ. ಚಳಿ ಹೊರಗೇ ನಿಂತಿತು.
ದೋಣಿ ತುಂಬ ಒದ್ದೆ ಕುರಿಯ ವಾಸನೆ,
ನಡುನೀರಲ್ಲಿ ಹಿಂಡೊಂದು ಮೈ ಕೊಡವಿದ ಹಾಗೆ.
ಹೋಮಾಯ್ ಮೂಗು ಹಿಡಿದು ನಕ್ಕಳು.
ಆಮೇಲೆ ನನ್ನ ಬೆನ್ನಿಗೆ ಅಂಗೈ ಒತ್ತಿ ನೋಡಿದಳು,
ಸುಮಾರು ಹೊತ್ತು ತೆಗೆಯಲಿಲ್ಲ.

ಕಂಬಳಿ ಇನ್ನೂ ಅರ್ಧ ಉಳಿದಿದೆ.
ಅಪ್ಪ ಎರಡು ಸಲ ಕೇಳಿಯಾಯಿತು:
'ಆ ಬಾಯಾರ ಹೆಗಲಿನ ಅಳತಿ ಎಷ್ಟು?'