ಬಲಮೂಲೆ

ರುವಿಯ ಟೈಪಿಂಗ್ ಸೆಂಟರಿನಲ್ಲಿ ಮೊದಲ ದಿನ
ಲಿಗೋರಿ ಮಾಮ್ ಸ್ಟೇಪ್ಲರ್ ಕೈಗಿಟ್ಟು ಹೇಳಿದ್ದು:
ಅರಬ್ಬಿ ಕಾಗದಕ್ಕೆ ಬಲಮೂಲೆ. ಮರೆತೆಯೋ,
ಓದುವವನ ಬಾಗಿಲಿಗೇ ಚಿಲಕ ಜಡಿದ ಹಾಗೆ.

ಎರಡೂ ಭಾಷೆ ಒಂದೇ ಹಾಳೆಯಲ್ಲಿದ್ದರೆ?
"ಮೊಹರು ಒತ್ತುವವ ಯಾವ ಕಡೆಯಿಂದ ಓದುತ್ತಾನೋ
ಆ ಕಡೆ."

ಹತ್ತು ನಂಬರಿನ ಪಿನ್ನು ಎಷ್ಟು ಹಾಳೆ ತಡೆದೀತು?
ಹದಿನೈದು. ಇಪ್ಪತ್ತಾದರೆ ಕಾಲು ಮಡಚದೆ
ಅಂಗೈಗೆ ಚುಚ್ಚುತ್ತದೆ. ಫೋಟೋಕ್ಕೆ ಹೊಡೆಯಬಾರದು,
ಮುಖಕ್ಕಂತೂ.

ಇವತ್ತು ಬಂದವಳು ವಾರಿಜ ಪೂಜಾರ್ತಿ,
ಅಲ್ ಖುವೈರಿನ ಮನೆಯೊಂದರಲ್ಲಿ ಅಡುಗೆ,
ಒಂಬತ್ತು ತಿಂಗಳ ಸಂಬಳ ಬಾಕಿ.
ಅರ್ಜಿ ಏಳು ಹಾಳೆ. ಸ್ಕ್ಯಾನಿಗಿಡಲು ಪಿನ್ನು ಕಿತ್ತೆ.
ಬಲಮೂಲೆ ಜರಡಿಯಾಗಿತ್ತು:
ಒಂದು ಕೌಂಟರಿನವ ಕಿತ್ತು, ಇನ್ನೊಂದರವ ಹೊಡೆದು,
ಬೆಳಕಿಗೆ ಹಿಡಿದು ಎಣಿಸಿದೆ,
ಹನ್ನೊಂದು ಜೊತೆ ತೂತು.

"ಇನ್ನು ಪಿನ್ನು ನಿಲ್ಲುತ್ತದಾ?" ಕೇಳಿದಳು.

ಸ್ವಲ್ಪ ಕೆಳಗೆ, ಅಕ್ಷರ ತಪ್ಪಿಸಿ,
ಜಾಗ ಹುಡುಕಿ ಒತ್ತಿದೆ.
ಬರೀ ಸದ್ದು. ಒಳಗೆ ಖಾಲಿ.

ಡ್ರಾಯರಿನಲ್ಲಿ ಹೊಸ ಪೆಟ್ಟಿಗೆ ತಡಕುವಷ್ಟು ಹೊತ್ತು
ಏಳೂ ಹಾಳೆಯ ಮೂಲೆಯನ್ನು ಅವಳೇ
ಎರಡು ಬೆರಳಿನಲ್ಲಿ ಹಿಡಿದು ನಿಂತಿದ್ದಳು,
ಎಸಿ ಗಾಳಿಗೆ ಎದುರು.