ಸಾಯುವ ಸಾಲು

ಆಳಂದ ರಸ್ತೆಯ ಮಂಜಿನಲ್ಲಿ ಜೀಪಿನ ದೀಪ
ಹತ್ತು ಮಾರು ದಾಟುತ್ತಿರಲಿಲ್ಲ.
ಲಾಡ್ಲೇಸಾಬ ಕಿಟಕಿಯಾಚೆ ಕೈ ಚಾಚಿ
"ಇದು ಇನ್ನೆರಡು ದಿನ ನಿಂತ್ರ ಹೂವೆಲ್ಲ ನೆಲಕ್ರಿ" ಅಂದ.
ನನ್ನ ತೊಡೆಯ ಮೇಲೆ ಎಣಿಕೆಯ ವಹಿ,
ಕಿವಿಯ ಸಂದಿಗೆ ಪೆನ್ಸಿಲು.
ನಾನು ವಿಜ್ಞಾನಿಯಲ್ಲ. ಎಣಿಸುವವನು.

ಭೀಮಶಾನ ಹೊಲದಲ್ಲಿ ಆಗಲೇ ಕೆಲಸ ಹತ್ತಿತ್ತು.
ಹಳೆ ಸೀರೆಯೊಂದನ್ನು ಸಾಲಿನ ಬುಡಕ್ಕೆ ಹಾಸಿ
ಇಬ್ಬರು ಎಳೆಯುತ್ತಿದ್ದರು,
ಹಿಂದೆ ಸುಗಲಾಬಾಯಿ ತೊಗರಿಗಿಡದ ನಡು ಹಿಡಿದು
ಸಿಕ್ಕಿಬಿದ್ದ ಕಳ್ಳನ ಜೇಬು ಜಾಡಿಸಿದ ಹಾಗೆ
ಜಾಡಿಸುತ್ತಿದ್ದಳು.
ಉದುರಿದವು ಹುಳ: ಹಸಿರು, ಕಂದು, ಒಂದು ತಿಳಿಗುಲಾಬಿ.
ಸೀರೆಯ ಮಾಸಿದ ಬುಟ್ಟಾಗಳ ಮೇಲೆ
ಹೊಸ ಬುಟ್ಟಾಗಳು ಹರಿದಾಡಿದವು.
"ಗಿಡಕ್ಕ ಎಷ್ಟು?"
"ನೀವ ಎಣಿಸ್ರಿ. ನಮಗ ಕೋಳಿ ಅದಾವ"
ಅನ್ನುತ್ತ ನಾಲ್ಕು ಚುಂಗು ಕೂಡಿಸಿ
ಗಂಟು ಕಟ್ಟಿದಳು.

ಹನ್ನೊಂದಕ್ಕೆ ಮಂಜು ಹರಿದು ಹೂವು ಕಂಡವು.
ಹಳದಿ, ಬೆನ್ನಿಗೆ ಕೆಂಪು ಗೀರು,
ಕುಂಕುಮದ ಬೆರಳು ಯಾರೋ ಒರೆಸಿ ಹೋದಂತೆ.
ಬದುವಿನ ಮೇಲೆ ಮೂರು ಕಲ್ಲು,
ಉಪ್ಪುನೀರಲ್ಲಿ ಕುದಿದ ಹಸಿಕಾಯಿ,
ರೊಟ್ಟಿ, ಹಿಂಡಿ, ಬುತ್ತಿ ಕಟ್ಟಿದ ಅರಿವೆಯ ವಾಸನೆ.
ಹಲ್ಲಲ್ಲಿ ಸಿಪ್ಪೆ ಎಳೆದು ನೋಡುತ್ತ ಕೂತೆ:
ನಾಲ್ಕು ಕಾಳು, ನಾಲ್ಕು, ಮೂರು,
ಐದು! ಕೈ ಪೆನ್ಸಿಲಿಗೆ ಹೋಯಿತು.
"ಅದನ್ನ ತಿನ್ರಿ ಅಣ್ಣಾ" ಅಂದಳು,
ಎಲ್ಲರೂ ನಕ್ಕರು. ತಿಂದೆ.

ಮಧ್ಯಾಹ್ನ ಅವರನ್ನೆಲ್ಲ ಜೀಪಿಗೆ ತುಂಬಿಕೊಂಡು
ಪ್ರಯೋಗದ ಹೊಲಕ್ಕೆ.
ಇಲ್ಲಿ ಹೆಸರಿನ ಬದಲು ಕೋಲಿಗೆ ತಗಡಿನ ಚೀಟಿ, ಅಂಕಿ.
ಕೊನೆಗೆ, ತಂತಿಬೇಲಿಯ ಒಳಗೆ,
ಇಪ್ಪತ್ತು ವರ್ಷ ರೋಗವನ್ನೇ ಸಾಕಿದ ಎರೆ.
ನೆಟೆ ಹತ್ತಿ ಸತ್ತ ಗಿಡವನ್ನು ಕೊಚ್ಚಿ ಮತ್ತೆ ಅದೇ ಮಣ್ಣಿಗೆ ಉಣಿಸುತ್ತೇವೆ,
ನಾಳಿನ ಮೊಸರಿಗೆ ಹೆಪ್ಪು ಉಳಿಸಿದಂತೆ.
ಎರಡು ಹೊಸ ತಳಿ, ನಡುವೆ ಒಂದು ಸಾಯುವ ಸಾಲು.
ಅದು ಸತ್ತರೆ ಮಾತ್ರ
ಪಕ್ಕದವು ಬದುಕಿದ್ದಕ್ಕೆ ಲೆಕ್ಕ.
ವರ್ಷಾ ಹೇಳುವ ಮಾತು, ಈ ವರ್ಷವೂ ಹೇಳಿದೆ.

ಸುಗಲಾಬಾಯಿ ಆ ಸಾಲಿನೆದುರು ನಿಂತೇ ಇದ್ದಳು.
ಒಣಗಿದ ಕಾಂಡವನ್ನು ಉಗುರಿನಿಂದ ಸೀಳಿದಳು,
ಒಳಗೆ ಕರಿಗೆರೆ.
ಪಕ್ಕದ ಗಿಡದ ಕಾಯಿ ಬಿಡಿಸಿ
ಅಂಗೈಯಲ್ಲಿ ಕಾಳು ಹೊರಳಿಸಿದಳು.

"ಇದು ಹಾಲಗಣ್ಣಿ.
ನಮ್ಮಾಯಿ ಬಿತ್ತತಿದ್ದಳು.
ಬ್ಯಾಳಿ ಒಂದ ಕುದಿಗೆ ಕರಗತಿತ್ತು.
ಎಲ್ಲಿ ಹೋತು ಅಂತಿದ್ದೆ,
ಇಲ್ಲಿ ಸಾಯ್ಲಿಕ್ಕ ಇಟ್ಕೊಂಡೀರೇನ?"

ಬಿಸಿ ಇರಲಿಲ್ಲ ಆ ಮಾತಿಗೆ.
ಸಂತೆಯಲ್ಲಿ ತವರಿನವರು ಎದುರಾದಾಗಿನ ದನಿ.
ಈ ಬೇಲಿಯಿಂದ ಕಾಳು ಹೊರಗೆ ಹೋಗುವಂತಿಲ್ಲ
ಎಂದು ಹೇಳಬೇಕಿತ್ತು ನಾನು.
ಅಷ್ಟರಲ್ಲಿ ಅವಳೇ ಕಾಳನ್ನು
ನೆಲದ ಬಿರುಕಿಗೆ ಒಂದೊಂದೇ ಹಾಕಿದಳು.

"ಎಷ್ಟು ಸತ್ತಾವ?"
"ಐವತ್ತಕ್ಕ ನಲವತ್ತಾರು."
"ನಾಕ ಅದಾವ ಹಂಗಾದ್ರ"
ಅಂದು ಸೆರಗು ಸಿಗಿಸಿ ಸಾಲಿನುದ್ದ ನಡೆದಳು,
ಇದ್ದವುಗಳ ತುದಿ ಮುಟ್ಟುತ್ತ.

ಸಂಜೆ, ಜೀಪು ಕಲಬುರಗಿಯ ಕಡೆ ಹೊರಳಿದಾಗ
ವಹಿ ಬಿಚ್ಚಿದೆ.
ಆ ಸಾಲಿಗೆ ಸತ್ತವುಗಳ ಮನೆ ಮಾತ್ರ ಇದೆ,
ಹದಿನಾಲ್ಕು ಹಂಗಾಮು ತುಂಬಿದ್ದೇನೆ.
ಅಂಚಿನಲ್ಲಿ ಬರೆದೆ: ನಾಲ್ಕು.
ಕೆಳಗೆ: ಹಾಲಗಣ್ಣಿ.
ತಗ್ಗಿಗೆ ಗಾಲಿ ಇಳಿದು ಕೊನೆಯ ಅಕ್ಷರ ಸೊಟ್ಟಾಯಿತು.
ರಬ್ಬರು ಜೇಬಿನಲ್ಲಿತ್ತು.
ಲಾಡ್ಲೇಸಾಬ ದೀಪ ಹಚ್ಚಿದ,
ಮಂಜು ಮತ್ತೆ ಇಳಿಯತೊಡಗಿತ್ತು.